ಡಬ್ಬಕ್ಕೆ ಬಂದು ಹೋದ ನೊಣ

ಗೌಡರು ಆ ಕಾಗದವನ್ನು ಲ್ಯಾಮಿನೇಟ್ ಮಾಡಿಸಿಬಿಟ್ಟಿದ್ದರು. ಹೊಂಗನೂರಿನ ಅವರ ಮಾವಿನ ತೋಟದ ಪಂಪ್‌ಹೌಸಿನೊಳಗೆ, ದೇವರ ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದರು. ಬರೆದವಳು ನಾನು. ಕೆಳಗೆ ನೀಲಿ ಶಾಯಿಯಲ್ಲಿ ನನ್ನದೇ ರುಜು. 'ನಿಮ್ಮ ತೋಟದಲ್ಲಿ ಸಂಗ್ರಹಿಸಿದ ಹಣ್ಣು ನೊಣಗಳ ವಂಶವಾಹಿ ಪರೀಕ್ಷೆ ಮಾಡಲಾಗಿದ್ದು, ಮೆಲಾಥಿಯಾನ್ ಔಷಧಿಯನ್ನು ತಡೆದುಕೊಳ್ಳುವ ಗುಣ ಅವುಗಳಲ್ಲಿ ಕಂಡುಬಂದಿಲ್ಲ.' ಎಂಥ ಚೆಂದದ ವಾಕ್ಯ! ಬರೆದ ದಿನ ನಾನೇ ಎರಡು ಸಲ ಓದಿಕೊಂಡು ಬೀಗಿದ್ದೆ.

ಆ ಬುಧವಾರ ಬೆಳಿಗ್ಗೆ ಗೌಡರು ನನ್ನನ್ನು ಕೂರಿಸಿಕೊಂಡು ಒಂದು ಬಾದಾಮಿ ಮಾವಿನ ಹಣ್ಣನ್ನು ಕುಯ್ದರು. ಹೊರಗೆ ಸೂಜಿ ಚುಚ್ಚಿದಷ್ಟೇ ಕಲೆ. ಒಳಗೆ ಬಿಳಿ ಹುಳು ಗಿಜಿಗಿಜಿ ಅನ್ನುತ್ತಿದ್ದವು. ಇನ್ನೊಂದು ಕುಯ್ದರು, ಮತ್ತೊಂದು ಕುಯ್ದರು. ಎಲ್ಲದರ ಹಣೆಬರಹವೂ ಅಷ್ಟೇ.

"ನಿನ್ ಪೇಪರ್ ಏನಂತದವ್ವ? ಈ ನೊಣ ಔಸ್ದಿಗೆ ಸಾಯ್ತದೆ ಅಂತ. ನಾನು ಹೊಡ್ಸಿದ್ದೂ ಆಯ್ತು. ಸತ್ತಿಲ್ಲ. ಅಂದ್ರೆ ಏನರ್ಥ? ನಾನು ಹೊಡ್ಸಿದ್ದು ಸಾಲ್ದು ಅಂತ ತಾನೆ?"

 ಅವರ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಸೋಮವಾರ ಬೆಳಿಗ್ಗೆ ಸ್ಪ್ರೇಯರ್‌ನೋರು ಬತ್ತಾವ್ರೆ. ಡಬಲ್ ಹಾಕುಸ್ತೀನಿ. ಬೇಲಿ ಕಡೆಯಿಂದ್ಲೇ ಸುರು. ನೊಣ ಅಲ್ಲೇ ಜಾಸ್ತಿ ಇರೋದು."

"ಗೌಡ್ರೇ, ಹಣ್ಣು ಮರದಲ್ಲಿದೆ. ಈಗ ಹೊಡೆದರೆ ತಿನ್ನೋರ ಗತಿ ಏನು? ಬೇಲಿ ಆಚೆ ರೇಷ್ಮೆ ಸೊಪ್ಪು ಬೇರೆ ಇದೆ."

"ಗಾಳಿ ನೋಡ್ಕೊಂಡೇ ಹೊಡ್ಸೋದು, ಬುಡು. ಸ್ಪ್ರೇಯರ್‌ನೋರು ಸಿಕ್ಕಿರೋದೇ ಪುಣ್ಯ. ಈ ಸಲ ಬುಟ್ರೆ ಇನ್ ಹದಿನೈದ್ ದಿನ ಈ ಕಡೆ ತಲೆ ಹಾಕಲ್ಲ. ಅಷ್ಟೊತ್ತಿಗೆ ನನ್ ತೋಟ ಗೊಬ್ಬರದ ಗುಂಡಿ ಆಗಿರ್ತದೆ."

ಬೇಲಿ ಆಚೆಯ ಸೊಪ್ಪು, ನಾನು ಅಕ್ಕ ಅಂತ ಕರೆಯುತ್ತಿದ್ದ ಆ ಊರಿನ ಹೆಂಗಸಿನದು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಕುರಿ ಸಾಕುವ ಮನೆಯವಳು. ಗಂಡ ಮಂದೆ ಹೊಡೆದುಕೊಂಡು ಕನಕಪುರದ ಕಡೆ ಹೋಗಿದ್ದ. ಇವಳೊಬ್ಬಳೇ ರೇಷ್ಮೆ ಹುಳು ಮೇಯಿಸುತ್ತಿದ್ದಳು. ಆ ವರ್ಷ ಗೂಡಿಗೆ ಬಂದಿದ್ದ ಬೆಲೆಗೆ ಚನ್ನಪಟ್ಟಣ ತಾಲ್ಲೂಕಿನ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ಆಗಿಹೋಗಿದ್ದವು. ಬದುವಿನ ಮೇಲೂ ಸೊಪ್ಪು, ದಾರಿ ಅಂಚಿಗೂ ಸೊಪ್ಪು. ಅಕ್ಕನೂ ಒಂದು ಸಾಲು ಬಿಡದೆ ಮಾವಿನ ಬೇಲಿಗೆ ತಾಗಿಸಿ ನೆಟ್ಟಿದ್ದಳು. ಅವಳ ಹುಳು ಶುಕ್ರವಾರದ ಹೊತ್ತಿಗೆ ನಾಲ್ಕನೇ ಜ್ವರಕ್ಕೆ ಬೀಳುವುದರಲ್ಲಿದ್ದವು. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯದು. ಭಾನುವಾರದ ಹೊತ್ತಿಗೆ ಎದ್ದರೆ ಆಮೇಲೆ ಒಂದು ವಾರ ಬಕಾಸುರನ ಹಾಗೆ ತಿಂದು ಗೂಡು ಕಟ್ಟುತ್ತವೆ. ಆ ಒಂದು ವಾರದ ಸೊಪ್ಪಿನ ಮೇಲೆ ಔಷಧಿಯ ಹನಿ ಬಿದ್ದರೆ ಬೆಳೆಗೆ ಬೆಳೆಯೇ ಮಣ್ಣು.

ಅಕ್ಕ ನನ್ನನ್ನು ಹುಳುಮನೆಯ ಹತ್ತಿರ ಸೇರಿಸುತ್ತಿರಲಿಲ್ಲ. ಊಜಿ ನೊಣ ಬಂದು ಹುಳುವಿನ ಮೇಲೆ ಮೊಟ್ಟೆ ಇಡದಂತೆ ಬಾಗಿಲಿಗೆ, ಕಿಟಕಿಗೆ ನೈಲಾನ್ ಬಲೆ ಕಟ್ಟಿದ್ದಳು. ಆ ಬಲೆಯಿಂದ ಹತ್ತು ಹೆಜ್ಜೆ ಆಚೆ ನನ್ನ ಜಾಗ. ನೀರು ಕೇಳಿದರೆ ಲೋಟವನ್ನು ಕಟ್ಟೆ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. "ನೀನು ಔಸ್ದಿ ಡಬ್ಬ ಮುಟ್ಟೋಳು ಕಣಮ್ಮಿ, ಬೇಜಾರ್ ಮಾಡ್ಕೋಬ್ಯಾಡ," ಅಂತ ಮೊದಲ ದಿನವೇ ಹೇಳಿದ್ದಳು. ಬೇಜಾರು ಮಾಡಿಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಔಷಧಿ ಡಬ್ಬ ಅಂದರೆ ನಮ್ಮ ನೊಣದ ಬೋನು. ಕೈಗೆ ಹಿಡಿಯುವಷ್ಟು ಪ್ಲಾಸ್ಟಿಕ್ ಡಬ್ಬ, ಪಕ್ಕದಲ್ಲಿ ತೂತು. ಒಳಗೆ ಒಂದು ಪ್ಲೈವುಡ್ ತುಂಡು ತೂಗಾಡುತ್ತದೆ. ಗಂಡು ನೊಣಕ್ಕೆ ಹುಚ್ಚು ಹಿಡಿಸುವ ಲವಂಗದ ವಾಸನೆಯ ಎಣ್ಣೆಯಲ್ಲಿ, ಜೊತೆಗೆ ಮೆಲಾಥಿಯಾನ್‌ನಲ್ಲಿ, ನೆನೆಸಿದ ತುಂಡು. ನೊಣ ಬರುತ್ತದೆ, ನೆಕ್ಕುತ್ತದೆ, ಸತ್ತು ಬೀಳುತ್ತದೆ. ರಾಮನಗರ, ಕನಕಪುರದ ತೋಟಗಳಲ್ಲಿ, ಮಾಗಡಿ ಕಡೆ ಕಲ್ಯದಲ್ಲಿ, ಇಲ್ಲಿ ಹೊಂಗನೂರಿನಲ್ಲಿ ಇವನ್ನು ಕಟ್ಟಿ, ವಾರಕ್ಕೊಮ್ಮೆ ಸತ್ತ ನೊಣ ಆಯ್ದು ಬೆಂಗಳೂರಿನ ಲ್ಯಾಬಿಗೆ ಒಯ್ಯುವುದು ನನ್ನ ಕೆಲಸ. ಅಲ್ಲಿ ನೊಣವನ್ನು ಅರೆದು ಡಿಎನ್ಎ ತೆಗೆಯುತ್ತೇವೆ. ಔಷಧಿಯು ನೊಣದ ನರದಲ್ಲಿ ಎಲ್ಲಿ ಹೋಗಿ ಕೂತು ಕೊಲ್ಲುತ್ತದೋ ಆ ಜಾಗವನ್ನು ರೂಪಿಸುವ ಜೀನಿನ ಒಂದು ತುಂಡನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡುತ್ತೇವೆ. ಆಮೇಲೆ ಅದಕ್ಕೆ ಕತ್ತರಿಸುವ ಕಿಣ್ವ ಹಾಕುತ್ತೇವೆ. ಜೀನಿನಲ್ಲಿ ಒಂದಕ್ಷರ ಬದಲಾಗಿದ್ದರೆ ಕಿಣ್ವ ಆ ತುಂಡನ್ನು ಎರಡು ಮಾಡುತ್ತದೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಜೆಲ್ಲಿನ ಮೇಲೆ ಒಂದೇ ಗೆರೆ ಬಂದರೆ ಔಷಧಿಗೆ ಸಾಯುವ ನೊಣ. ಎರಡು ಬಂದರೆ ಔಷಧಿಯನ್ನು ತಡೆದುಕೊಳ್ಳುವ ನೊಣ. ಮೂರು ಬಂದರೆ ತಂದೆಯಿಂದಲೋ ತಾಯಿಯಿಂದಲೋ ಒಂದು ಕಡೆಯಿಂದ ಮಾತ್ರ ಆ ಗುಣ ಪಡೆದ ನೊಣ. ನಮಗೆ ಆ ಬೇಸಿಗೆ ಪೂರ್ತಿ, ನಾಲ್ಕೂ ತಾಲ್ಲೂಕಿನಲ್ಲಿ, ಬಂದದ್ದು ಒಂದೇ ಗೆರೆ.

ಗೌಡರ ಪಂಪ್‌ಹೌಸಿನಿಂದ ಎದ್ದು ಬಂದವಳು ಬಸ್ಸನ್ನೂ ತಪ್ಪಿಸಿಕೊಂಡೆ. ಸಿಟ್ಟು ಗೌಡರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಬೇಲಿ ಪಕ್ಕದ ಮರದ ಕೆಳಗೆ ಕಲ್ಲಿನ ಮೇಲೆ ಕೂತೆ. ಎದುರಿಗೇ ನನ್ನ ಡಬ್ಬ. ಮಾಡಲು ಬೇರೆ ಕೆಲಸವಿಲ್ಲದೆ ಅದನ್ನೇ ನೋಡುತ್ತಿದ್ದೆ. ಒಂದು ನೊಣ ಬಂತು, ತೂತಿನಲ್ಲಿ ನುಗ್ಗಿತು, ಮರದ ತುಂಡಿನ ಮೇಲೆ ಕೂತು ನೆಕ್ಕಿತು. ಸ್ವಲ್ಪ ಹೊತ್ತಿಗೆ ಬುಗುರಿಯ ಹಾಗೆ ಸುತ್ತಿ ಕೆಳಗೆ ಬಿತ್ತು. ಸರಿ. ಇನ್ನೊಂದು ಬಂತು. ನೆಕ್ಕಿತು. ಹೊಟ್ಟೆ ತುಂಬಾ ನೆಕ್ಕಿತು. ಆಮೇಲೆ ತೂತಿನ ಅಂಚಿಗೆ ನಡೆದು ಬಂದು, ಉಂಡೆದ್ದವರು ಕೈ ತೊಳೆಯುವ ಹಾಗೆ ಮುಂಗಾಲು ಉಜ್ಜಿಕೊಂಡು, ಹಾರಿಹೋಯಿತು.

ನಾನು ಎದ್ದು ನಿಂತೆ. ಮತ್ತೆ ಕೂತೆ. ಎರಡು ತಾಸು ಅಲ್ಲಿಂದ ಕದಲಲಿಲ್ಲ. ಬೀಳುವವು ಬೀಳುತ್ತಿದ್ದವು. ಆದರೆ ಬಿದ್ದವಕ್ಕಿಂತ ಬಂದು ನೆಕ್ಕಿ ಎದ್ದುಹೋದವೇ ಜಾಸ್ತಿ.

ಅಯ್ಯೋ ದೇವರೇ ಅಂದುಕೊಂಡೆ. ಜರಡಿ ಹಿಡಿದು, ಕೆಳಗೆ ಬಿದ್ದ ಹಿಟ್ಟನ್ನು ಮಾತ್ರ ನೋಡಿ, ರಾಗಿಯಲ್ಲಿ ಕಲ್ಲೇ ಇಲ್ಲ ಅಂದ ಹಾಗೆ ಆಗಿತ್ತು ನಮ್ಮ ಕೆಲಸ. ಔಷಧಿಗೆ ಸಾಯುವ ನೊಣ ಮಾತ್ರ ನನ್ನ ಡಬ್ಬದಲ್ಲಿ ಉಳಿಯುತ್ತಿತ್ತು. ಅದನ್ನೇ ಆಯ್ದು, ಅದನ್ನೇ ಅರೆದು, 'ಔಷಧಿಗೆ ಸಾಯುತ್ತವೆ' ಅಂತ ನಾಲ್ಕು ತಾಲ್ಲೂಕಿಗೆ ಕಾಗದ ಹಂಚಿದ್ದೆ. ಗೌಡರು ಆ ಕಾಗದವನ್ನು ನಂಬಿ ಸೋಮವಾರ ಎರಡರಷ್ಟು ವಿಷ ಹೊಡೆಸಲಿದ್ದರು. ಅದರಿಂದ ನೊಣ ಸಾಯುವುದಿಲ್ಲ. ಸಾಯುವುದು ಅಕ್ಕನ ಹುಳು.

ಬೇಲಿ ಸಂದಿಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಯಾಕಮ್ಮಿ, ದೆವ್ವ ಬಡ್ಕೊಂಡೋಳ್ ತರ ಕೂತಿದ್ದೀಯ?" ಅಂದಳು. ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಅವಳಿಗೆ ಜೀನೂ ಬೇಕಿರಲಿಲ್ಲ, ಗೆರೆಯೂ ಬೇಕಿರಲಿಲ್ಲ. ಒಂದೇ ಮಾತು ಕೇಳಿದಳು. "ಸಾಯೋವು ಡಬ್ಬದಾಗೆ. ಬದ್ಕೋವು ಹೊರಗೆ. ನೀನ್ ಎಣ್ಸಿದ್ದು ಯಾವ್ದನ್ನ?"

ಬಸ್ ಸ್ಟಾಪಿನಿಂದಲೇ ನಮ್ಮ ಲ್ಯಾಬಿನ ಸರ್‌ಗೆ ಫೋನ್ ಮಾಡಿದೆ. ಕೆಟ್ಟವರಲ್ಲ ಅವರು. ಆದರೆ ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದ್ದನ್ನು ನಂಬುವವರೂ ಅಲ್ಲ. "ಒಂದೆರಡು ನೊಣ ಹಾರಿಹೋಯ್ತು ಅಂತ ಇಡೀ ಪ್ರಾಜೆಕ್ಟ್ ತಲೆಕೆಳಗು ಮಾಡ್ತೀಯಾ? ರಿಪೋರ್ಟ್ ಹೋಗಿ ಆಗಿದೆ. ಮುಂದಿನ ಹಂಗಾಮಿಗೆ ಬೋನು ಬದಲಾಯಿಸಿ ನೋಡೋಣ," ಅಂದರು. ಸ್ವಲ್ಪ ತಡೆದು, "ಜೂನ್‌ನಲ್ಲಿ ನಿನ್ನ ಕಾಂಟ್ರಾಕ್ಟ್ ರಿನ್ಯೂವಲ್ ಇದೆ, ನೆನಪಿರಲಿ," ಅಂತಲೂ ಸೇರಿಸಿದರು. ಹೆದರಿಸಲು ಹೇಳಿದರೋ ಕಾಳಜಿಗೆ ಹೇಳಿದರೋ ಇವತ್ತಿಗೂ ತಿಳಿಯದು. ಗೌಡರಿಗೆ ಹೇಳೋಣವೆಂದರೆ ಕೈಯಲ್ಲಿ ಪುರಾವೆ ಇಲ್ಲ. ಇದ್ದ ಪುರಾವೆಯೂ ನನ್ನ ವಿರುದ್ಧವೇ ಗೋಡೆ ಮೇಲೆ ತೂಗಾಡುತ್ತಿತ್ತು.

ಗುರುವಾರ ಬೆಳಗಿನ ಜಾವವೇ ಗೌಡರ ತೋಟಕ್ಕೆ ಹೋಗಿ ಉದುರಿದ ಹಣ್ಣು ಒಂದು ಚೀಲ ತುಂಬಿಕೊಂಡೆ. ಬೋನಿಗೆ ಬಿದ್ದ ನೊಣ ಬೇಡ, ಹಣ್ಣಿನೊಳಗೇ ಹುಟ್ಟಿದ ಹುಳುವಿನ ಡಿಎನ್ಎ ತೆಗೆದರಾಯಿತು, ಅದನ್ನು ಯಾವ ಜರಡಿಯೂ ಆರಿಸಿರುವುದಿಲ್ಲ ಅನ್ನುವುದು ನನ್ನ ಲೆಕ್ಕ. ಚೀಲ ಹೊತ್ತು ಚನ್ನಪಟ್ಟಣಕ್ಕೆ ಬಂದು ಬೆಂಗಳೂರಿನ ಬಸ್ಸು ಹತ್ತಿದೆ. ಬಸ್ಸಿನ ತುಂಬ ರಾಮನಗರದ ಮಾರ್ಕೆಟ್ಟಿಗೆ ಹೊರಟ ಗೂಡಿನ ಚೀಲಗಳು.

ಒಂದು ವಿಷಯ ಮರೆತಿದ್ದೆ. ಹಣ್ಣು ನೊಣದ ಹುಳು ಬಲಿತ ಮೇಲೆ ಹಾರುತ್ತದೆ. ಬಾಲವನ್ನು ಬಾಯಲ್ಲಿ ಕಚ್ಚಿಕೊಂಡು ಬಿಲ್ಲಿನಂತೆ ಬಗ್ಗಿ, ಚಟ್ಟನೆ ಗೇಣುದ್ದ ನೆಗೆಯುತ್ತದೆ. ಒಂದು ನೆಗೆದು ಎದುರಿನವರ ಗೂಡಿನ ಚೀಲದ ಮೇಲೆ ಬಿತ್ತು.

"ಊಜಿ! ಲೇ, ಊಜಿ ಮರಿ ಕಣ್ಲಾ!"

ಗೂಡಿನಿಂದ ಊಜಿಯ ಹುಳು ಹೊರಬಂದಿದೆ ಅಂತ ಒಬ್ಬ ಕಂಡರೆ ಸಾಕು, ಆ ಗೂಡನ್ನು ಕೊಳ್ಳುವವರು ಮೂಸಿಯೂ ನೋಡುವುದಿಲ್ಲ. ಬಸ್ಸಿನ ಅಷ್ಟೂ ಜನ ತಂತಮ್ಮ ಚೀಲ ಅಪ್ಪಿಕೊಂಡು ಎದ್ದು ನಿಂತರು. "ಇದು ಊಜಿ ಅಲ್ಲ, ಮಾವಿನ ನೊಣ," ಅಂತ ನಾನು ಕಿರುಚಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಂಡಕ್ಟರು ಸೀಟಿ ಊದಿ, "ಇಳೀರಮ್ಮ, ಮೊದ್ಲು ಇಳೀರಿ, ಇವ್ರೆಲ್ಲ ಸೇರಿ ನನ್ ಸಾಯಿಸ್ತಾರೆ," ಅಂತ ರಾಮನಗರದ ಮೊದಲೇ, ನಡುರಸ್ತೆಯಲ್ಲಿ ಇಳಿಸಿದ. ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು, ಚಾಕುವಿನಿಂದ ಹಣ್ಣು ಸೀಳಿ, ರಸ ಮೆತ್ತಿಕೊಂಡ ಹುಳುಗಳನ್ನು ತೊಳೆಯದೆ ಹಾಗೆಯೇ ಸ್ಪಿರಿಟ್ ಟ್ಯೂಬಿಗೆ ತುಂಬಿಕೊಂಡೆ. ಉಳಿದ ಹಣ್ಣನ್ನು ಗುಂಡಿ ತೋಡಿ ಮುಚ್ಚಿದೆ. ದಾರಿಹೋಕರು ಹುಚ್ಚಿಯೆಂದುಕೊಂಡಿರಬೇಕು.

ಶುಕ್ರವಾರ ಯಾರಿಗೂ ಹೇಳದೆ ಪರೀಕ್ಷೆಗೆ ಇಟ್ಟೆ. ಸಂಜೆ ಜೆಲ್ಲನ್ನು ನೇರಳೆ ಬೆಳಕಿನ ಮೇಲಿಟ್ಟೆ. ಖಾಲಿ. ಹೋಲಿಕೆಗೆಂದು ಜೊತೆಗೆ ಹಾಕಿದ್ದ ಹಳೆಯ ಡಬ್ಬದ ನೊಣದ್ದು ಒಂದು ಗೆರೆ ಚೆನ್ನಾಗಿ ಮೂಡಿತ್ತು. ಹುಳುಗಳದ್ದು ಒಂದೂ ಇಲ್ಲ. ಅಂದರೆ ರಾಸಾಯನಿಕ ಸರಿ ಇದೆ, ಯಂತ್ರ ಸರಿ ಇದೆ, ಹುಳುವಿನಲ್ಲೇ ಏನೋ ಅಡ್ಡ ಬಂದಿದೆ. ಏನು ಅಂತ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವುಗಳ ಮೈಗೂ ಮಾವಿನ ರಸ, ಹೊಟ್ಟೆ ತುಂಬಾ ಮಾವಿನ ತಿರುಳು. ಹಣ್ಣಿನ ಅಂಟು ಸೇರಿದರೆ ಪಿಸಿಆರ್ ನಡೆಯುವುದೇ ಇಲ್ಲ. ಮೈ ತೊಳೆಯಬಹುದು. ಹೊಟ್ಟೆ ತೊಳೆಯುವುದು ಹೇಗೆ? ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಹೊಸ ದಾರಿ ಹುಡುಕಲು ಎರಡೇ ದಿನ ಉಳಿದಿತ್ತು.

ಶನಿವಾರ ಹೊಂಗನೂರಿಗೆ ಹೋದದ್ದು ಗೌಡರ ಕಾಲು ಹಿಡಿಯಲೆಂದೇ. ಅವರು ಮನೆಯಲ್ಲಿರಲಿಲ್ಲ. ಅಕ್ಕ ಅಂಗಳದಲ್ಲಿ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿ ಬಡಿಯುತ್ತಿದ್ದಳು. ಹುಳು ಗೂಡು ಕಟ್ಟುವುದು ಅದರ ಮೇಲೆ. ಹತ್ತು ಹೆಜ್ಜೆ ದೂರದಲ್ಲೇ ನಿಂತು, ಹುಳುವಿನ ಹೊಟ್ಟೆಯೊಳಗಿನ ಹಣ್ಣೇ ನನ್ನ ಕೆಲಸ ಕೆಡಿಸಿತು ಅಂತ ಗೋಳಾಡಿಕೊಂಡೆ.

"ಒಸಿ ತಡ್ಕೊಬಾರ್ದಾಗಿತ್ತಾ? ಹಣ್ಣಾಗೋಕೆ ಮುಂಚೇನೇ ಕಿತ್ಕೊಂಡ್ರೆ ಹಂಗೇಯ," ಅಂದಳು.

"ಮಾವಿನ ಹಣ್ಣು ಪೂರ್ತಿ ಹಣ್ಣಾಗಿತ್ತಲ್ಲಕ್ಕ."

"ಮಾವಿನಣ್ಣಲ್ಲ ಕಣಮ್ಮಿ, ಹುಳ! ನಮ್ ಹುಳ ಹಣ್ಣಾದ್ಮೇಲೆ ಏನ್ ಮಾಡ್ತದೆ? ಮೇವು ಬುಟ್ಟು, ಹೊಟ್ಟೇಲಿರೋದೆಲ್ಲ ಹಾಕ್ಬುಟ್ಟು, ಮೈ ಗಾಜಿನಂಗೆ ಮಾಡ್ಕೊಂಡೇ ಗೂಡಿಗೆ ಕೂರೋದು. ಊಜಿ ಮರೀನೂ ಅಷ್ಟೇಯ, ಹೊರಗ್ ಬಂದು ಬಿರುಕು ಸೇರೋದು. ನಿನ್ ನೊಣದ ಮರಿ ಏನ್ ಮೇಲಿಂದ ಇಳಿದ್ ಬಂದೈತಾ?"

ನನಗೆ ಹೋದ ಜೀವ ಬಂದಂತಾಯಿತು. ಹೌದಲ್ಲ! ಬಲಿತ ಹುಳು ಹಣ್ಣು ಬಿಟ್ಟು ಹೊರಗೆ ನೆಗೆಯುವುದೇ ಮಣ್ಣು ಸೇರಿ ಕೋಶ ಕಟ್ಟಲು. ಆಗ ಹೊಟ್ಟೆ ಖಾಲಿ. ಹಣ್ಣನ್ನು ಮರಳಿನ ಮೇಲಿಟ್ಟು, ತಾವಾಗಿಯೇ ಹೊರಬಿದ್ದವನ್ನು ಮಾತ್ರ ಆಯ್ದರೆ ಸಾಕು. ಅವು ಹೊರಬೀಳುವುದು ಸಾಮಾನ್ಯವಾಗಿ ಬೆಳಗಿನ ಜಾವ. ಆದರೆ ಎಲ್ಲಿ ಇಡುವುದು? ಬಸ್ಸಿನಲ್ಲಿ ಒಯ್ಯುವ ಹಾಗಿಲ್ಲ. ರೇಷ್ಮೆ ಊರಿನಲ್ಲಿ ಒಂದು ಚೀಲ ನೊಣದ ಹುಳುವಿಗೆ ಜಾಗ ಕೊಡುವವರು ಯಾರು?

ಅಕ್ಕ ಚಂದ್ರಿಕೆ ಬಡಿಯುತ್ತಲೇ ಇದ್ದಳು. ಕೊನೆಗೆ, "ಚಾಕಿ ರೂಮ್ ಖಾಲಿ ಐತೆ," ಅಂದಳು. ಎಳೆಯ ಹುಳುಗಳನ್ನು ಇಟ್ಟುಕೊಳ್ಳುವ ಪುಟ್ಟ ಕೋಣೆ ಅದು, ಹಿತ್ತಲಲ್ಲಿ, ಹುಳುಮನೆಗೆ ದೂರವಾಗಿ. ಅದಕ್ಕೂ ಬಲೆ ಕಟ್ಟಿತ್ತು. "ನೊಣ ಒಳಗ್ ಬರ್ದೇ ಇರ್ಲಿ ಅಂತ ಕಟ್ಟಿದ್ದು. ಹೊರಗ್ ಹೋಗ್ದೇ ಇರಾಕೂ ಆಯ್ತದೆ. ಆದ್ರೆ ಒಂದ್ ಮಾತು. ಒಳಗ್ ಹೋದ್ಮೇಲೆ ಬೆಳಗ್ಗೆಗಂಟ ನೀನೂ ಹೊರಗ್ ಬರಂಗಿಲ್ಲ. ನಿನ್ ಬಟ್ಟೇಲಿ ಒಂದ್ ಮರಿ ಬಂದ್ರೂ ನಾನು ನಿನ್ ಸುಮ್ನೆ ಬುಡಾಕಿಲ್ಲ."

ನೆಲದ ಬಿರುಕುಗಳಿಗೆಲ್ಲ ಸಗಣಿ ಮಣ್ಣು ಮೆತ್ತಿದಳು. ನಾನು ಗೌಡರ ತೋಟದಲ್ಲಿ ಉದುರಿದ ಹಣ್ಣು ಆಯ್ದು ತಂದು, ಬಿದಿರು ತಟ್ಟೆಗೆ ಮರಳು ಹರಡಿ ಜೋಡಿಸಿದೆ. ಒಂದು ತಂಬಿಗೆ ನೀರು, ಎರಡು ಮುದ್ದೆ, ಉಪ್ಪೆಸರು ಒಳಗಿಟ್ಟು, ಬಲೆಯ ದಾರವನ್ನು ಹೊರಗಿನಿಂದ ಬಿಗಿದು ಗಂಟು ಹಾಕಿ ಅಕ್ಕ ಹೋದಳು. ಕಾಲು ಚಾಚಿದರೆ ಗೋಡೆ ಮುಟ್ಟುವ ಕೋಣೆ, ಕೊಳೆತ ಮಾವಿನ ವಾಸನೆ, ಉಸಿರು ಕಟ್ಟುವ ಸೆಕೆ. ಆ ಬುಧವಾರದಿಂದ ನಾನು ಸಿಕ್ಕಿಕೊಂಡಿದ್ದ ಜಾಗಕ್ಕೆ ಈಗ ನಾಲ್ಕು ಗೋಡೆಯೂ ಬಂದವಲ್ಲ ಅಂತ ಒಬ್ಬಳೇ ನಕ್ಕೆ. ಆಮೇಲೆ ನಗು ಬರಲಿಲ್ಲ.

ಬೆಳಕು ಹರಿಯುವಾಗ ಮರಳಿನ ಮೇಲೆ ಚಟಚಟ ಸದ್ದು. ನೋಡಿದರೆ ಹುಳುಗಳು ಹುರಿಯುವ ಜೋಳದಂತೆ ನೆಗೆಯುತ್ತಿದ್ದವು. ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು, ಶುದ್ಧ ನೀರಿನಲ್ಲಿ ಮೂರು ಸಲ ಅದ್ದಿ, ಟ್ಯೂಬಿಗೆ ಹಾಕಿದೆ. ಮೈ ನಿಜಕ್ಕೂ ಹಳದಿ ಗಾಜಿನ ಹಾಗಿತ್ತು. ಒಂದಷ್ಟನ್ನು ಮರಳಿನಲ್ಲೇ ಬಿಟ್ಟು ಬಟ್ಟೆ ಕಟ್ಟಿದೆ. ಅವು ನೊಣವಾದ ಮೇಲೆ ಯಾವ ಜಾತಿಯ ನೊಣ ಎನ್ನುವುದಕ್ಕೆ ಸಾಕ್ಷಿ ಬೇಕಿತ್ತು. ಅಕ್ಕ ಬಂದು ದಾರ ಬಿಚ್ಚಿ, ಹೇನು ನೋಡುವವರ ಹಾಗೆ ನನ್ನ ತಲೆ, ದುಪಟ್ಟಾ, ಚಪ್ಪಲಿ ಸಂದಿಯನ್ನೆಲ್ಲ ತಡಕಾಡಿದ ಮೇಲೆಯೇ ಹೊರಗೆ ಬಿಟ್ಟದ್ದು.

"ಎದ್ದವೆ," ಅಂದಳು. ನಾಲ್ಕನೇ ಜ್ವರದಿಂದ ಅವಳ ಹುಳು ಎದ್ದಿದ್ದವು. "ಹೊಟ್ಟೆಗಾಕು ಅಂತ ಬಾಯ್ ಬಾಯ್ ಬುಡ್ತಾವೆ. ಹೋಗು, ನಿನ್ ಕೆಲ್ಸ ನೋಡು."

ಭಾನುವಾರದ ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಎಲ್ಲ ಮಾಡಿದೆ. ಅರೆದದ್ದನ್ನು ಬಿಸಿನೀರಿನಲ್ಲಿ ಎಂದಿನಂತೆ ಇಡೀ ರಾತ್ರಿ ಇಡಲು ಸಮಯವಿರಲಿಲ್ಲ. ಮೂರೇ ಗಂಟೆ ಇಟ್ಟು ದೇವರ ಮೇಲೆ ಭಾರ ಹಾಕಿದೆ. ಸಂಜೆ ಜೆಲ್ಲಿಗೆ ಬೆಳಕು ಹಾಕಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ತೆರೆದೆ. ಎರಡು ಗೆರೆ. ಪಕ್ಕದ್ದೂ ಎರಡು. ಅದರ ಪಕ್ಕದ್ದು ಮೂರು. ಮತ್ತೆ ಎರಡು, ಮತ್ತೆ ಎರಡು. ಡಬ್ಬದ ಹಳೆಯ ನೊಣ ಮಾತ್ರ ಅಂಚಿನಲ್ಲಿ ಒಂದೇ ಗೆರೆ ಹಿಡಿದು ಒಂಟಿಯಾಗಿ ನಿಂತಿತ್ತು. ಗೌಡರ ತೋಟದ ನೊಣಕ್ಕೆ ಆ ಔಷಧಿ ತೀರ್ಥವಿದ್ದ ಹಾಗೆ.

ಸರ್‌ಗೆ ಫೋನ್ ಮಾಡಿ ಕರೆಸಿದೆ. ಬಂದರು. ಜೆಲ್ಲಿನ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. 

"ಹುಳು ಇದೇ ಜಾತಿ ನೊಣದ್ದು ಅಂತ ಹೇಗೆ ಹೇಳ್ತೀಯ? ಒಂದೇ ತೋಟ, ಒಂದೇ ಸಲ ಮಾಡಿದ ಪರೀಕ್ಷೆ. ಇನ್ನೊಮ್ಮೆ ಮಾಡದೆ ನಾನು ರುಜು ಹಾಕೋಕಾಗಲ್ಲ."

"ನೀವು ಹೇಳೋದು ಸರಿ ಸರ್. ಆದರೆ ನಾಳೆ ಬೆಳಿಗ್ಗೆ ಅಲ್ಲಿ ಔಷಧಿ ಹೊಡೀತಾರೆ."

ಅವರ ಎದುರಿಗೇ ನಾನು ಗೌಡರಿಗೆ ಫೋನ್ ಮಾಡಿದೆ. "ಬರ್ದು ಕೊಟ್ಟಿದ್ದನ್ನ ಬಾಯಲ್ಲಿ ತಿದ್ದಾಕಾಯ್ತದಾ? ಬರ್ಕೊಂಡು ಬಾ, ನೋಡಾನೆ. ಅವ್ರು ಬೆಳಕರಿಯೋಕ್ ಮುಂಚೇನೇ ಬತ್ತಾರೆ," ಅಂದು ಇಟ್ಟರು. ಅಲ್ಲೇ ಮೇಜಿನ ಮೇಲೆ ಬಿಳಿ ಹಾಳೆ ತೆಗೆದು ಬರೆದೆ. 'ಹಿಂದೆ ನಾನು ಕೊಟ್ಟ ವರದಿ ತಪ್ಪು. ಔಷಧಿಗೆ ಸತ್ತ ನೊಣಗಳನ್ನು ಮಾತ್ರ ಪರೀಕ್ಷಿಸಿದ್ದರಿಂದ ಈ ತಪ್ಪಾಗಿದೆ. ತಪ್ಪು ನನ್ನದು.' ಸಂಸ್ಥೆಯ ಹೆಸರು ಹಾಕಲಿಲ್ಲ, ನನ್ನ ಹೆಸರು ಮಾತ್ರ ಹಾಕಿದೆ. ಕೆಲಸ ಹೋದರೆ ಹೋಗಲಿ ಅಂದುಕೊಳ್ಳುವಷ್ಟು ಧೈರ್ಯವಂತೆ ನಾನಲ್ಲ.  ಸರ್ ಅದನ್ನು ಓದಿ ಜೆಲ್ಲಿನ ಚಿತ್ರವನ್ನು ಅದರ ಜೊತೆ ಪಿನ್ ಮಾಡಿಕೊಟ್ಟರು.

ಸೋಮವಾರ ಮೊದಲ ರೈಲು ಹಿಡಿದು ಚನ್ನಪಟ್ಟಣದಲ್ಲಿ ಇಳಿದು ಆಟೋ ಮಾಡಿಕೊಂಡು ಹೊಂಗನೂರು ತಲುಪುವಾಗ ಸೂರ್ಯ ಮೇಲೆ ಬಂದಿದ್ದ. ತೋಟದ ಬಾಗಿಲಲ್ಲೇ ಸ್ಪ್ರೇಯರಿನ ಮೋಟಾರು ಸದ್ದು ಕೇಳಿಸಿತು. ಒಳಗೆ ಓಡಿದೆ. ಬೇಲಿ ಪಕ್ಕದ ಸಾಲು ಮುಗಿದು ಎರಡನೆಯದಕ್ಕೆ ಪೈಪು ಎಳೆಯುತ್ತಿದ್ದರು.

ಗೌಡರು ಕಾಗದವನ್ನು ನಿಧಾನವಾಗಿ, ತುಟಿ ಆಡಿಸುತ್ತ ಓದಿದರು. ಪಂಪ್‌ಹೌಸಿನ ಗೋಡೆಯಿಂದ ಹಳೆಯದನ್ನೂ ತೆಗೆದು ಪಕ್ಕದಲ್ಲಿ ಹಿಡಿದರು.

"ಇದರ್ ಮೇಲಿರೋದೂ ನಿನ್ ರುಜು. ಅದರ್ ಮೇಲಿರೋದೂ ನಿನ್ ರುಜು. ನಾನ್ ಯಾವ್ದ್ ನಂಬ್ಲವ್ವ?"

"ಎರಡನ್ನೂ ನಂಬಬೇಡಿ ಗೌಡ್ರೇ. ಬನ್ನಿ, ಐದು ನಿಮಿಷ ಆ ಡಬ್ಬದ ಮುಂದೆ ನಿಂತ್ಕೊಳ್ಳಿ."

ಔಷಧಿ ಬೀಳದ ದೂರದ ಮರದ ಡಬ್ಬದ ಮುಂದೆ ಇಬ್ಬರೂ ನಿಂತೆವು. ಒಂದು ನೊಣ ಬಂತು, ನೆಕ್ಕಿತು, ಸತ್ತು ಬಿತ್ತು. ಗೌಡರು ನನ್ನ ಮುಖ ನೋಡಿದರು. ಇನ್ನೊಂದು ಬಂತು. ಅದೂ ಬಿತ್ತು. ಹಿಂದೆ ಮೋಟಾರು ಕೂಗುತ್ತಲೇ ಇತ್ತು. ನನ್ನ ಬೆವರು ಕಣ್ಣಿಗಿಳಿಯಿತು. ಮೂರನೆಯದು ಬಂತು. ನೆಕ್ಕಿತು, ತಿರುಗಿತು, ತೂತಿಗೆ ಬಂತು, ಮುಂಗಾಲು ಉಜ್ಜಿಕೊಂಡಿತು, ಗೌಡರ ಕಿವಿ ಪಕ್ಕದಿಂದಲೇ ಹಾರಿಹೋಯಿತು. ನಾಲ್ಕನೆಯದೂ ಹೋಯಿತು. ಐದನೆಯದೂ ಹೋಯಿತು.

"ಥೂ ಇದರ," ಅಂದರು ಗೌಡರು. ಕೈ ಎತ್ತಿ, "ಲೇ, ಆಫ್ ಮಾಡ್ರಲಾ!" ಅಂತ ಕೂಗಿದರು. ಮೋಟಾರು ನಿಂತಿತು. ಲ್ಯಾಮಿನೇಟ್ ಮಾಡಿದ್ದನ್ನು ನನ್ನ ಕೈಗೆ ತುರುಕಿ, "ಉದುರಿರೋ ಹಣ್ಣೆಲ್ಲ ಆಯ್ದು ಗುಂಡಿಗೆ ಹಾಕ್ರಿ, ಕೂಲಿಗೆ ಬಂದಿದ್ದೀರಲ್ಲ," ಅಂತ ಸ್ಪ್ರೇಯರ್‌ನವರ ಕಡೆ ಹೊರಟರು. ಕೋಪಕ್ಕೆ ಅಲ್ಲೇ ಅದನ್ನು ಹರಿಯಲು ನೋಡಿದೆ. ಹರಿಯಲಿಲ್ಲ ಆ ಹಾಳು ಪ್ಲಾಸ್ಟಿಕ್ಕು. ಚೀಲಕ್ಕೆ ಸಿಕ್ಕಿಸಿಕೊಂಡೆ.

ಬೇಲಿ ಆಚೆ ಅಕ್ಕ ನಿಂತಿದ್ದಳು. ಒಂದು ಸಾಲು ಹೊಡೆದಾಗಿತ್ತು. ಗಾಳಿ ಎತ್ತ ಬೀಸಿತ್ತೋ ಯಾರಿಗೆ ಗೊತ್ತು. ಅವಳು ಬೇಲಿ ಪಕ್ಕದ ಸೊಪ್ಪು ಎರಡು ಕಡ್ಡಿ ಕುಯ್ದು, ಹುಳುಮನೆಯಿಂದ ಮೊರದಲ್ಲಿ ಹತ್ತು ಹುಳು ತಂದು, ಅಂಗಳದಲ್ಲಿಟ್ಟು ಆ ಸೊಪ್ಪು ಹಾಕಿದಳು. "ನಿನ್ ಪೇಪರ್ ನಂಗ್ ಬ್ಯಾಡ. ಇವೇ ಹೇಳ್ತಾವೆ," ಅಂದಳು. ಒಳಗೆ ಉಳಿದವು ಹಸಿದು ಕಾಯುತ್ತಿದ್ದವು. ನಾವು ಮೊರದ ಎರಡು ಕಡೆ ಕುಕ್ಕರುಗಾಲಲ್ಲಿ ಕೂತೆವು.

ಹತ್ತೂ ತಿನ್ನತೊಡಗಿದವು. ಬಿಸಿಲು ಕಟ್ಟೆ ದಾಟುವವರೆಗೂ ತಿಂದವು. ಆಮೇಲೆ ಒಂದು ತಿನ್ನುವುದನ್ನು ನಿಲ್ಲಿಸಿತು. ತಲೆ ಎತ್ತಿತು. ಆ ಕಡೆ ಈ ಕಡೆ ಆಡಿಸಿತು. ಬಾಯಿಂದ ಹಸಿರು ನೀರು ಕಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

 ಅಕ್ಕ ವಿಷ ತಿಂದ ಹುಳುವನ್ನು ಕೈಯಿಂದ ಮುಟ್ಟಲೊಲ್ಲದೆ ಸುತ್ತಮುತ್ತ ಏನೋ ಹುಡುಕಿದಳು. ನನ್ನ ಚೀಲದಿಂದ ಇಣುಕುತ್ತಿದ್ದ ಲ್ಯಾಮಿನೇಟ್ ಕಾಗದ ಕಂಡಿತು. ಎಳೆದುಕೊಂಡು, ಅದರ ಅಂಚನ್ನು ಹುಳುವಿನಡಿ ತೂರಿಸಿ ಎತ್ತಿದಳು. ನನ್ನ ರುಜುವಿನ ಮೇಲೆ ಹುಳು ಮಗ್ಗುಲಾಯಿತು, ಹಸಿರು ನೀರು ಹರಿಯಿತು.

"ಇಷ್ಟಕ್ಕಾದ್ರೂ ಬಂತು, ಬುಡು," ಅಂದಳು.

ಬೇಲಿ ಕಡೆಯ ಮೂರು ಸಾಲು ಸೊಪ್ಪನ್ನು ಇಬ್ಬರೂ ಕುಯ್ದು ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಗೌಡರು ಬೇಲಿ ಹತ್ತಿರ ಬಂದು, ನನ್ನನ್ನು ನೋಡದೆ, "ಅಮ್ಮಯ್ಯ, ಬಾವಿ ತಾವ ನಮ್ ಸೊಪ್ಪೈತೆ. ಎಷ್ಟ್ ಬೇಕೋ ಕುಯ್ಕೊ," ಅಂದು ಹೋದರು. ಅಕ್ಕ ಹಂಡೆಯಿಂದ ನೀರು ತೆಗೆದುಕೊಟ್ಟಳು. ಇಬ್ಬರೂ ಸೋಪು ಹಚ್ಚಿ ತಲೆಗೆ ನೀರು ಹುಯ್ದುಕೊಂಡೆವು. ನನ್ನ ಬಟ್ಟೆಯನ್ನು ಬಾಗಿಲಾಚೆ ಬಿಸಾಡಿ ತನ್ನದೊಂದು ಹಳೇ ಸೀರೆ ಕೊಟ್ಟಳು. ಬಾವಿಯ ಹತ್ತಿರದ ಸೊಪ್ಪು ತಂದು ಹುಳುಮನೆ ಮುಂದೆ ಇಳಿಸಿ, ನಾನು ಎಂದಿನ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತೆ.

"ಅಲ್ಲೇನ್ ನಿಂತಿದ್ದೀಯ? ಒಬ್ಬಳ ಕೈಲಿ ಆಗಲ್ಲ. ಹಸ್ಕೊಂಡವೆ."

"ಅಕ್ಕ, ನನ್ನ ಕೈ..."

ಅವಳು ಬಂದು ನನ್ನ ಎರಡೂ ಅಂಗೈ ಹಿಡಿದು ಮೂಸಿದಳು. "ಸೋಪಿನ ವಾಸ್ನೆ. ಬಾ ಒಳಕ್ಕೆ."

ತಲೆ ಬಗ್ಗಿಸಿ ಒಳಗೆ ಹೋದೆ. ನನ್ನ ಹಿಂದೆ ಅವಳೂ ಬಂದು ಬಲೆಯ ದಾರವನ್ನು ಕಟ್ಟಿದಳು, ಈ ಸಲ ಒಳಗಿನಿಂದ.